ಹಳೆ ಓಮ್ನಿ: ಮಾರುವುದೋ, ರಿಪೇರಿಯೋ?

ಗೇರು ಹಾಕಿ ಕ್ಲಚ್ ಬಿಟ್ಟ ಕೂಡಲೇ ಅಡಿಯಿಂದ 'ಕಟಕ್'. ರಿವರ್ಸ್ ಹಾಕಿದರೆ ಇನ್ನೊಮ್ಮೆ 'ಕಟಕ್'. ಐವತ್ತರ ವೇಗ ದಾಟಿದರೆ ಕಾಲಡಿಯ ತಗಡು ನಡುಗುವುದು. ಹೊಂಡಕ್ಕೆ ಇಳಿದರೆ ಮುಂದೆ ಬಲಬದಿಯಲ್ಲಿ 'ಟಕ ಟಕ'. 2023ರ ಏಪ್ರಿಲ್‌ನಲ್ಲಿ ನಮ್ಮ ಓಮ್ನಿಯ ಪರಿಸ್ಥಿತಿ ಇದು.

ಇದೆಂತ ಕೃಷಿ ಲೇಖನ ಎಂದು ಪುಟ ತಿರುಗಿಸಬೇಡಿ. ನಮ್ಮಂಥ ಸಣ್ಣ ಕೃಷಿಕರ ಅಂಗಳದಲ್ಲಿ ಪಂಪು, ಸ್ಪ್ರೇಯರ್‌ಗಳ ಹಾಗೆ ಒಂದು ಹಳೆಯ ಗಾಡಿಯೂ ಕೃಷಿ ಉಪಕರಣವೇ. ತೋಟಕ್ಕೆ ಎಷ್ಟು ಗೊಬ್ಬರ ಎಂದು ಲೆಕ್ಕ ಹಾಕುವ ನಾವು, ಗಾಡಿ ಗ್ಯಾರೇಜಿಗೆ ಹೋದಾಗ ಮಾತ್ರ ಕಣ್ಣು ಮುಚ್ಚಿ ಹಣ ಎಣಿಸುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಆ ವರ್ಷ ಕೈಯಲ್ಲಿ ಹಣ ಇಲ್ಲದ್ದರಿಂದ ಕಣ್ಣು ತೆರೆಯಬೇಕಾಯಿತು.

ನನ್ನದು ಮೂರು ಎಕ್ರೆ ಅಡಿಕೆ ತೋಟ, ಬದಿಯಲ್ಲಿ ಸ್ವಲ್ಪ ರಬ್ಬರ್. ಡಾಮರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಏರು. 2009ರಲ್ಲಿ ನೋಂದಣಿಯಾದ ಓಮ್ನಿಯನ್ನು 2015ರಲ್ಲಿ 1,15,000 ರೂಪಾಯಿಗೆ ಕೊಂಡದ್ದು. ಅಡಿಕೆ ಮೂಟೆ, ಹಿಂಡಿ, ಮೈಲುತುತ್ತು, ಸುಣ್ಣ, ಒಮ್ಮೊಮ್ಮೆ ಕರು, ಎಲ್ಲ ಅದರಲ್ಲಿಯೇ. 2021ರ ನಂತರ ಇನ್ನೊಂದು ಕೆಲಸ ಸೇರಿತು. ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಸ್ಪತ್ರೆಗೆ 28 ಕಿ.ಮೀ. ಮಳೆಗಾಲದಲ್ಲಿ ನಮ್ಮ ಏರಿಗೆ ಬಾಡಿಗೆ ಕಾರಿನವರು ಬರುವುದಿಲ್ಲ. ಹಾಗಾಗಿ 'ಶಬ್ದ ಬಂದರೆ ಬರಲಿ, ನಿಂತಾಗ ನೋಡುವ' ಎನ್ನುವ ಹಾಗಿರಲಿಲ್ಲ.

ಚೀಟಿ ನೋಡಿ ತಲೆ ತಿರುಗಿತು

ಪೇಟೆಯ ಒಂದು ಗ್ಯಾರೇಜಿಗೆ ಕೊಂಡುಹೋದೆ. ಒಂದು ಸುತ್ತು ಓಡಿಸಿ ಬಂದವರು ಅಡಿಗೆ ಬಗ್ಗಿಯೂ ನೋಡದೆ ಚೀಟಿ ಬರೆದರು:

ಹೊಸ ಪ್ರೊಪೆಲ್ಲರ್ ಶಾಫ್ಟ್ 6,500. ಡಿಫರೆನ್ಷಿಯಲ್ ಬಿಚ್ಚಿ ಬೇರಿಂಗ್ ಬದಲಾವಣೆ 9,000. ಕ್ಲಚ್ ಸೆಟ್ 3,800. ನಾಲ್ಕೂ ಶಾಕ್ 5,600. ಮುಂದಿನ ಲೋವರ್ ಆರ್ಮ್ ಎರಡು 2,600. ಇಂಜಿನ್-ಗೇರ್‌ಬಾಕ್ಸ್ ಮೌಂಟಿಂಗ್ 1,600. ಹಿಂದಿನ ಪ್ಲೇಟಿನ ಬುಷ್ ಸೆಟ್ 900. ಕೂಲಿ 6,500. ಒಟ್ಟು 36,500 ರೂಪಾಯಿ.

"ಎಲ್ಲ ಒಟ್ಟಿಗೆ ಮಾಡಿದ್ರೆ ಮತ್ತೆ ಐದು ವರ್ಷ ನೋಡ್ಲಿಕ್ಕಿಲ್ಲ ಮಾರಾಯ್ರೆ" ಎಂದರು.

ಮನೆಯಲ್ಲಿ ಇದ್ದದ್ದು 40 ಸಾವಿರ. 2022ರ ಮಳೆಗಾಲದಲ್ಲಿ ಕೊಳೆರೋಗದಿಂದ ಫಸಲು ಕೈಕೊಟ್ಟಿತ್ತು. ಆ 40 ಸಾವಿರ ಬೋರ್ಡೋ ಸಿಂಪಡಣೆಗೆ, ಅಂದರೆ ಮೈಲುತುತ್ತು, ಸುಣ್ಣ, ಮರ ಹತ್ತುವವರ ಸಂಬಳಕ್ಕೆ ತೆಗೆದಿರಿಸಿದ ಹಣ. ಅದನ್ನು ಗಾಡಿಗೆ ಹಾಕಿದರೆ ಮತ್ತೊಂದು ವರ್ಷ ಕೊಳೆರೋಗಕ್ಕೆ ಬಾಗಿಲು ತೆರೆದ ಹಾಗೆ.

ಮೂರು ದಾರಿ, ಮೂರು ಲೆಕ್ಕ

ಒಂದು: ಮಾರುವುದು. ಬ್ರೋಕರ್ ಒಬ್ಬರು 40 ಸಾವಿರ ಹೇಳಿದರು. 2012ರ ಇನ್ನೊಂದು ಓಮ್ನಿ 1,60,000ಕ್ಕೆ ತೋರಿಸಿದರು. ವ್ಯತ್ಯಾಸ 1,20,000ಕ್ಕೆ ಸೊಸೈಟಿ ಸಾಲ ಮಾಡಬೇಕು. ಅದನ್ನು ಓಡಿಸಿ ನೋಡಿದೆ. ಅದರಲ್ಲಿಯೂ ಸಣ್ಣಗೆ 'ಕಟಕ್' ಇತ್ತು! ನಮ್ಮ ಗಾಡಿಯ ರೋಗ ನನಗೆ ಗೊತ್ತು. ಆ ಗಾಡಿಯ ರೋಗ ಅದರ ಮೊದಲಿನ ಯಜಮಾನರಿಗೆ ಮಾತ್ರ ಗೊತ್ತು.

ಎರಡು: ಚೀಟಿಯಲ್ಲಿದ್ದ ಎಲ್ಲವನ್ನೂ ಮಾಡಿಸುವುದು. "ನಲ್ವತ್ತು ಸಾವಿರದ ಗಾಡಿಗೆ ಮೂವತ್ತಾರು ಸಾವಿರದ ರಿಪೇರಿಯಾ? ನಿಮಗೆಂತ ಮರ್ಲಾ?" ಎಂದರು ನೆರೆಮನೆಯ ಅಣ್ಣ.

ಅವರ ಮಾತು ಮನಸ್ಸಿನಲ್ಲಿ ಕೊರೆಯಿತು. ಆದರೆ ಕೂತು ಯೋಚಿಸಿದಾಗ ಆ ತೂಕ ಸರಿಯಲ್ಲ ಅನಿಸಿತು. ಗಾಡಿ ಮಾರಿದರೆ ಎಷ್ಟು ಬರುತ್ತದೆ ಎನ್ನುವುದು ಮಾರುವವನ ಲೆಕ್ಕ. ಇಟ್ಟುಕೊಳ್ಳುವವನ ಲೆಕ್ಕ ಬೇರೆ. ಗಾಡಿ ಇಲ್ಲದಿದ್ದರೆ ನನಗೆ ತಿಂಗಳಿಗೆ ಎಷ್ಟು ಖರ್ಚು? ಆಸ್ಪತ್ರೆಗೆ ಹೋಗಿ, ನಾಲ್ಕು ಗಂಟೆ ಕಾದು, ವಾಪಸು ಬರಲು ಬಾಡಿಗೆಯವರು 1,200 ಕೇಳುತ್ತಿದ್ದರು. ತಿಂಗಳಿಗೆ ಎಂಟು ಸಲ ಎಂದರೆ 9,600. ಹತ್ತು ಸಾವಿರದ ರಿಪೇರಿ ಒಂದು ತಿಂಗಳ ಬಾಡಿಗೆಗೆ ಸಮ!

ಮೂರನೆಯ ದಾರಿ ತೋರಿಸಿದವಳು ಮನೆಯವಳು. ಚೀಟಿ ಓದಿ ಹೇಳಿದಳು: "ಇದ್ರಲ್ಲಿ ಯಾವುದು ಹಾಳಾದ್ರೆ ಗಾಡಿ ದಾರಿಯಲ್ಲಿ ನಿಲ್ತದೆ, ಯಾವುದು ಹಾಳಾದ್ರೆ ಬರೀ ಶಬ್ದ ಬರ್ತದೆ, ಅದನ್ನು ಮೊದಲು ಕೇಳಿ. ಶಬ್ದ ಬೇಕಾದ್ರೆ ನಾವು ಕೇಳುವ."

ಮೊದಲು ನೋಡಬೇಕಾದ್ದು ತುಕ್ಕು

ನಮ್ಮೂರಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಜೀಪು ರಿಪೇರಿಯಲ್ಲಿ ಪಳಗಿದವರು. ಬೋರ್ಡಿಲ್ಲ, ಒಂದು ಗುಂಡಿ, ಒಂದು ಶೀಟಿನ ಮಾಡು, ಅಷ್ಟೆ. ನಾನು ಶಬ್ದದ ಕತೆ ಶುರು ಮಾಡುವ ಮೊದಲೇ ಅವರು ಸ್ಕ್ರೂಡ್ರೈವರ್ ಹಿಡಿದು ಗುಂಡಿಗೆ ಇಳಿದರು.

"ಶಬ್ದ ಆಮೇಲೆ ಅಣ್ಣೇರೆ. ಮೊದಲು ಹಿಡ್ಕೊಳ್ಳುವ ಜಾಗ ಉಂಟಾ ನೋಡುವ."

ಓಮ್ನಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ನೆಲದ ತಗಡು, ಅದಕ್ಕೆ ಬೆಸೆದ ಉದ್ದ ಪಟ್ಟಿಗಳೇ ಎಲ್ಲವನ್ನೂ ಹೊರುವುದು. ಹಿಂದಿನ ಲೀಫ್ ಸ್ಪ್ರಿಂಗ್, ನಮ್ಮಲ್ಲಿ ಪ್ಲೇಟ್ ಎನ್ನುತ್ತಾರಲ್ಲ, ಅದರ ಎರಡು ತುದಿಗಳು ಈ ಪಟ್ಟಿಗೇ ಸೇರಿವೆ. ಆ ಜಾಗ ತುಕ್ಕು ತಿಂದಿದ್ದರೆ ಹೊಸ ಬುಷ್, ಹೊಸ ಶಾಫ್ಟ್ ಹಾಕಿ ಪ್ರಯೋಜನ ಇಲ್ಲ. ಬೇರು ಕೊಳೆತ ಮರದ ಸೋಗೆಗೆ ಮದ್ದು ಬಿಟ್ಟ ಹಾಗೆ.

ಅವರು ನಾಲ್ಕೂ ಜಾಗವನ್ನು ಸ್ಕ್ರೂಡ್ರೈವರಿನಿಂದ ಬಲವಾಗಿ ಚುಚ್ಚಿದರು, ಸುತ್ತಿಗೆಯಿಂದ ಬಡಿದರು. ಗಟ್ಟಿ ಕಬ್ಬಿಣವಾದರೆ 'ಠಣ್' ಎನ್ನುತ್ತದೆ. ಕೊಳೆತದ್ದಾದರೆ 'ಬದ' ಎಂದು ಪುಡಿ ಉದುರುತ್ತದೆ. ನಮ್ಮದರಲ್ಲಿ ನಾಲ್ಕೂ ಗಟ್ಟಿ. ಆದರೆ ಹಿಂದೆ ಸಾಮಾನು ಇಡುವ ಜಾಗದ ತಗಡಿನಲ್ಲಿ ಎರಡು ತೂತು. ಕಾರಣ ನಾನೇ. ಮೈಲುತುತ್ತಿನ ಚೀಲ, ರಸಗೊಬ್ಬರದ ಚೀಲ ಎಲ್ಲ ಬರಿಯ ತಗಡಿನ ಮೇಲೆ ಇಡುತ್ತಿದ್ದೆ. ಒದ್ದೆಯಾದ ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ ಎಂದು ತಿಳಿದೇ ನಾವು ಅದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸುವುದು. ಗಾಡಿಯೂ ಕಬ್ಬಿಣ ಎನ್ನುವುದು ಮರೆತುಹೋಗಿತ್ತು!

ಶಬ್ದ ಎಲ್ಲಿಂದ? ಕೈಯಲ್ಲೇ ಪರೀಕ್ಷೆ

ಓಮ್ನಿಯ ಇಂಜಿನ್ ಮುಂದಿನ ಸೀಟಿನ ಅಡಿಯಲ್ಲಿ. ಎಳೆಯುವುದು ಹಿಂದಿನ ಚಕ್ರ. ನಡುವೆ ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ಗೆ ಒಂದು ಉದ್ದದ ಕೊಳವೆ. ಅದೇ ಪ್ರೊಪೆಲ್ಲರ್ ಶಾಫ್ಟ್. ಅದರ ಎರಡು ತುದಿಯಲ್ಲಿ ಒಂದೊಂದು ಯೂನಿವರ್ಸಲ್ ಜಾಯಿಂಟ್, ಒಳಗೆ ಕೂಡಿಸುವ ಚಿಹ್ನೆಯ ಆಕಾರದ ಒಂದು ಕ್ರಾಸ್. ಕ್ರಾಸಿನ ನಾಲ್ಕು ತುದಿಗೆ ನಾಲ್ಕು ಬಟ್ಟಲು, ಬಟ್ಟಲಿನೊಳಗೆ ಸೂಜಿಯಂಥ ಬೇರಿಂಗ್. ಹಿಂದಿನ ಆಕ್ಸಲ್ ಹೊಂಡಕ್ಕೆ ಏರಿ ಇಳಿಯುವಾಗ ಶಾಫ್ಟ್ ಬಾಗಬೇಕಲ್ಲ, ಅದಕ್ಕೆ ಈ ವ್ಯವಸ್ಥೆ.

ಅವರು ಮಾಡಿದ ಪರೀಕ್ಷೆಗಳನ್ನು ಬರೆಯುತ್ತೇನೆ. ಇವಕ್ಕೆ ಯಂತ್ರ ಬೇಡ.

ನಡುಕ: ಸಪಾಟು ರಸ್ತೆಯಲ್ಲಿ ನಡುಗುವ ವೇಗಕ್ಕೆ ಹೋಗಿ, ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ. ನಡುಕ ಕೂಡಲೇ ನಿಂತರೆ ಸಂಶಯ ಇಂಜಿನ್, ಮೌಂಟಿಂಗ್ ಕಡೆಗೆ. ನಿಲ್ಲದೆ, ಗಾಡಿಯ ವೇಗ ಇಳಿದ ಹಾಗೆ ಮಾತ್ರ ಇಳಿದರೆ ಸಂಶಯ ಶಾಫ್ಟ್ ಅಥವಾ ಚಕ್ರ, ಟಯರಿನ ಮೇಲೆ. ನಮ್ಮದು ಎರಡನೆಯದು.

ಕ್ರಾಸ್: ಗಾಡಿ ಅಲುಗದ ಹಾಗೆ ಚಕ್ರಕ್ಕೆ ಅಡ್ಡ ಕೊಟ್ಟು, ಗೇರು ನ್ಯೂಟ್ರಲ್‌ನಲ್ಲಿಟ್ಟು, ಜಾಯಿಂಟಿನ ಎರಡು ಬದಿಯನ್ನು ಎರಡು ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ಬಟ್ಟಲಿನ ಹತ್ತಿರ ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಕ್ರಾಸ್ ಮುಗಿಯಿತು. ಬಟ್ಟಲಿನ ಬಾಯಲ್ಲಿ ಕೆಂಪು ಹುಡಿ ಇದ್ದರೆ ಒಳಗೆ ಗ್ರೀಸ್ ಒಣಗಿ ಸೂಜಿಗಳು ತುಕ್ಕು ಹಿಡಿದಿವೆ ಎಂದು ಅರ್ಥ. ನಮ್ಮ ಹಿಂದಿನ ಜಾಯಿಂಟಿನಲ್ಲಿ ಎರಡೂ ಇತ್ತು. ಶಾಫ್ಟಿನ ಕೊಳವೆಗೆ ಪೆಟ್ಟಿಲ್ಲ, ಬಾಗಿಲ್ಲ. ಹಾಗಾದರೆ 6,500ರ ಹೊಸ ಶಾಫ್ಟ್ ಯಾಕೆ?

ಡಿಫರೆನ್ಷಿಯಲ್: ಎಕ್ಸಲರೇಟರ್ ಒತ್ತಿದಾಗ 'ವೂಂ' ಎಂದು ಕೊರಗಿ, ಬಿಟ್ಟಾಗ ಸ್ವರ ಬದಲಾದರೆ ಸಂಶಯ ಪಡಬೇಕು. ನಮ್ಮದರಲ್ಲಿ ಅದಿರಲಿಲ್ಲ. ಆದರೂ ಅದರ ಎಣ್ಣೆ ಇಳಿಸಿ, ತಳದ ಎಣ್ಣೆಯನ್ನು ಎರಡು ಬೆರಳಿನ ನಡುವೆ ಉಜ್ಜಿ ತೋರಿಸಿದರು. ನುಣ್ಣಗಿನ ಬೂದುಬಣ್ಣದ ಕೆಸರು ಬಂದರೆ ಅದು ಸಹಜ ಸವೆತ. ಚುಚ್ಚುವ ಚೂರು, ಹೊಳೆಯುವ ಹಕ್ಕಳೆ ಬಂದರೆ ಹಲ್ಲು ಅಥವಾ ಬೇರಿಂಗ್ ಮುರಿಯುತ್ತಿದೆ. ನಮ್ಮದರಲ್ಲಿ ಕೆಸರು ಮಾತ್ರ. ಆದರೆ ಶಾಫ್ಟ್ ಸೇರುವ ಕಡೆಯ ಆಯಿಲ್ ಸೀಲ್ ಒಸರಿ ಎಣ್ಣೆ ಅರ್ಧದಷ್ಟೂ ಉಳಿದಿರಲಿಲ್ಲ. ಹಾಗೆಯೇ ಓಡಿಸಿದ್ದರೆ 9,000ದ ಕೆಲಸ ನಿಜವಾಗಿಯೂ ಬರುತ್ತಿತ್ತು.

ಕ್ಲಚ್: ಹೊರೆ ಹಾಕಿ ಏರಿನಲ್ಲಿ ಮೂರನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿ. ಇಂಜಿನ್ ಮಾತ್ರ ಕೂಗಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. ನಮ್ಮದು ಜಾರುತ್ತಿರಲಿಲ್ಲ.

ಮುಂದಿನ ಚಕ್ರ: ಚಕ್ರ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಲಿ. ಆಗ ಆಟ ನಿಂತರೆ ಚಕ್ರದ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್ ಕಡೆ ನೋಡಬೇಕು. ಬಲಬದಿಯಲ್ಲಿ ಆಟ ನಿಲ್ಲಲಿಲ್ಲ. ಲೋವರ್ ಆರ್ಮಿನ ಬುಷ್‌ಗೆ ಹಾರೆಯ ತುದಿ ಕೊಟ್ಟು ಮೀಟಿದಾಗ ರಬ್ಬರ್ ಕಬ್ಬಿಣದಿಂದ ಬಿಟ್ಟು ಬೇರೆಯೇ ತಿರುಗುತ್ತಿತ್ತು.

ಬುಷ್‌ನ ರಬ್ಬರಿನ ಮೇಲೆ ಕೂದಲೆಳೆಯಂಥ ಬಿರುಕು ಕಂಡರೆ ಹೆದರಬೇಕಾಗಿಲ್ಲ, ಅದು ವಯಸ್ಸು. ಮೀಟಿದಾಗ ಕಬ್ಬಿಣ ಕಬ್ಬಿಣಕ್ಕೆ ತಾಗುತ್ತದೋ, ರಬ್ಬರ್ ಬಿಟ್ಟುಬಂದಿದೆಯೋ, ಇದನ್ನು ನೋಡಿ.

ಒಂದು ಎಚ್ಚರಿಕೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಹೋಗಲೇಬಾರದು. ನಮ್ಮಲ್ಲಿ ಅಂಗಳದಲ್ಲಿ ಸಿಗುವ ಕೆಂಪುಕಲ್ಲನ್ನು ಅಡ್ಡ ಇಡುವ ಅಭ್ಯಾಸ ಉಂಟು. ಭಾರ ಬಿದ್ದರೆ ಅದು ಜರಿದು ಹುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಡಿ, ಅಥವಾ ಗುಂಡಿ ಇರುವಲ್ಲಿಗೆ ಹೋಗಿ.

ಚೀಟಿಯನ್ನು ಮೂರು ಪಾಲು ಮಾಡಿದೆವು

ಸಂಜೆ ಚೀಟಿ ಹಿಡಿದು ಕೂತೆವು. 36,500 ಎನ್ನುವುದು ಒಂದು ತೀರ್ಮಾನ ಅಲ್ಲ, ಎಂಟು ತೀರ್ಮಾನ ಎಂದು ಆಗ ಗೊತ್ತಾಯಿತು.

ಮೊದಲ ಪಾಲು, ಜೀವಕ್ಕೆ ಅಪಾಯ ತರುವುದು: ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಕ್ರಾಸ್ ತುಂಡಾದರೆ ಶಾಫ್ಟ್ ರಸ್ತೆಗೆ ಬೀಳುತ್ತದೆ. ಇವಕ್ಕೆ ಚೌಕಾಸಿ ಇಲ್ಲ, ಕೂಡಲೇ ಆಗಬೇಕು.

ಎರಡನೇ ಪಾಲು, ಈಗ ಸಣ್ಣದು, ಬಿಟ್ಟರೆ ದೊಡ್ಡದನ್ನು ಕೊಲ್ಲುವುದು: ಒಸರುವ ಆಯಿಲ್ ಸೀಲ್. ಹರಿದ ಗೇರ್‌ಬಾಕ್ಸ್ ಮೌಂಟಿಂಗ್. ಅದು ಜೋತರೆ ಶಾಫ್ಟಿನ ಕೋನ ತಪ್ಪಿ ಹೊಸ ಕ್ರಾಸೂ ಬೇಗ ಹೋಗುತ್ತದೆ. ಪ್ಲೇಟಿನ ಬುಷ್, ಆಕ್ಸಲನ್ನು ಪ್ಲೇಟಿಗೆ ಬಿಗಿಯುವ ಯು-ಬೋಲ್ಟ್. ಇವು ಸಡಿಲವಾದರೆ ಆಕ್ಸಲ್ ಹಿಂದೆ ಮುಂದೆ ಜಗ್ಗುತ್ತದೆ. ಆ 'ಕಟಕ್' ಶಬ್ದದಲ್ಲಿ ಇದರದ್ದೂ ಪಾಲಿತ್ತು. ಇವನ್ನೂ ಮಳೆಯ ಮೊದಲು ಮಾಡಬೇಕು.

ಮೂರನೇ ಪಾಲು, ಕಾಯಬಹುದಾದದ್ದು: ಕ್ಲಚ್, ಶಾಕ್, ಚೆನ್ನಾಗಿಯೇ ಇದ್ದ ಇಂಜಿನ್ ಮೌಂಟಿಂಗ್.

ಹೊಸ ಶಾಫ್ಟ್ ಮತ್ತು ಡಿಫರೆನ್ಷಿಯಲ್ ಬಿಚ್ಚುವುದು ಯಾವ ಪಾಲಿಗೂ ಸೇರಲಿಲ್ಲ. ಚೀಟಿಯಲ್ಲಿ ಅದಕ್ಕೇ 15,500 ಇತ್ತು!

ಕೆಲಸದ ದಿನ ಕಲಿತದ್ದು

ಒಂದೂವರೆ ದಿನದ ಕೆಲಸ. ನಾನು ಪಕ್ಕದಲ್ಲೇ ಕೂತಿದ್ದೆ. ನಿಮಗೂ ಉಪಯೋಗವಾದೀತು ಎಂದು ಕೆಲವು ಅಂಶ.

ಶಾಫ್ಟ್ ಬಿಚ್ಚುವ ಮೊದಲು ಅದರ ಫ್ಲ್ಯಾಂಜಿಗೂ ಡಿಫರೆನ್ಷಿಯಲ್ ಫ್ಲ್ಯಾಂಜಿಗೂ ಸೇರಿಸಿ ಬಣ್ಣದ ಗೆರೆ ಎಳೆದರು. ಅದೇ ಗೆರೆಗೆ ಕೂಡಿಸಿದರೆ ಮಾತ್ರ ಮೊದಲಿನ ಸಮತೂಕ. ತಪ್ಪಿದರೆ ಹೊಸ ಕ್ರಾಸ್ ಹಾಕಿಯೂ ನಡುಗೀತು. ಶಾಫ್ಟ್ ಎಳೆದಾಗ ಗೇರ್‌ಬಾಕ್ಸಿನ ಹಿಂಬದಿಯಿಂದ ಎಣ್ಣೆ ಸುರಿಯುತ್ತದೆ. ಅಡಿಗೆ ತಟ್ಟೆ ಇಟ್ಟು, ಕೊನೆಯಲ್ಲಿ ಮಟ್ಟ ನೋಡಿ ತುಂಬಬೇಕು. ಇದನ್ನು ಮರೆತು ಗೇರ್‌ಬಾಕ್ಸನ್ನೇ ಹಾಳುಮಾಡಿಕೊಂಡವರು ಉಂಟಂತೆ.

ಡಿಫರೆನ್ಷಿಯಲ್ ಸೀಲ್ ಬದಲಿಸುವಾಗಲೂ ನಟ್ಟಿಗೆ ಗುರುತು ಹಾಕಿ, ಅದೇ ಗುರುತಿಗೆ ವಾಪಸು ಬಿಗಿದರು. ಬಲ ಇದೆ ಎಂದು ಹೆಚ್ಚು ಬಿಗಿದರೆ ಒಳಗಿನ ಬೇರಿಂಗ್ ಒತ್ತಿ ಕಾದು ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ್ದು ಬುಷ್ ಬಿಗಿಯುವ ಕ್ರಮ. ಚಕ್ರ ಜೋತಾಡುತ್ತಿರುವಾಗ ಬೋಲ್ಟ್ ಪೂರ್ತಿ ಬಿಗಿಯಬಾರದು. ಬೋಲ್ಟ್ ಬಿಗಿದಾಗ ಬುಷ್‌ನ ನಡುವಿನ ಕಬ್ಬಿಣ ಅಲ್ಲಾಡದೆ ಕೂತುಬಿಡುತ್ತದೆ. ಆಮೇಲೆ ಗಾಡಿ ಇಳಿಸಿದರೆ ಭಾರಕ್ಕೆ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ. ನಿಂತಲ್ಲಿಯೂ ಅದಕ್ಕೆ ಬಿಡುವಿಲ್ಲ. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟ್ ಕೈಬಿಗಿ ಮಾಡಿ, ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಸಲ ಒತ್ತಿ ಅಲುಗಿಸಿ, ಆಮೇಲೆ ಪೂರ್ತಿ ಬಿಗಿಯಬೇಕು. ಹೊಸ ಬುಷ್ ಎರಡೇ ತಿಂಗಳಲ್ಲಿ ಹೋಯಿತು, ಕಂಪೆನಿ ಮಾಲೇ ಸರಿಯಿಲ್ಲ ಎಂದು ದೂರುವವರು ಇದನ್ನೊಮ್ಮೆ ಗಮನಿಸಿ.

ಪ್ಲೇಟಿನ ಬುಷ್ ಎರಡೂ ಬದಿ ಒಟ್ಟಿಗೆ ಬದಲಿಸಿದೆವು. ಯು-ಬೋಲ್ಟನ್ನು ಐನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿದೆವು. ಲೋವರ್ ಆರ್ಮ್ ಬದಲಿಸಿದ್ದರಿಂದ ಪೇಟೆಗೆ ಹೋಗಿ ಚಕ್ರದ ಅಲೈನ್‌ಮೆಂಟ್ ಮಾಡಿಸಿದೆ. ಅದನ್ನು ಬಿಟ್ಟರೆ ಉಳಿಸಿದ ಹಣವನ್ನು ಟಯರ್ ತಿನ್ನುತ್ತದೆ.

ನನ್ನ ಎರಡು ತಪ್ಪು

ಒಂದನೆಯದು, ಕ್ರಾಸಿನಲ್ಲಿ ಕಂಜೂಸಿತನ. ಅಂಗಡಿಯಲ್ಲಿ 550ರದ್ದೂ ಇತ್ತು, 260ರದ್ದೂ ಇತ್ತು. ನೋಡಲಿಕ್ಕೆ ಎರಡೂ ಒಂದೇ. ಮೆಕ್ಯಾನಿಕ್ ಬೇಡ ಎಂದರೂ ಕೇಳದೆ 260ರದ್ದು ಎರಡು ತಂದೆ. ಮಳೆಗಾಲ ಮುಗಿಯುವಾಗ, ಅಕ್ಟೋಬರಿನಲ್ಲಿ, ಪುನಃ 'ಕಟಕ್'. ಬಿಚ್ಚಿ ನೋಡಿದರೆ ಬಟ್ಟಲಿನ ಬಾಯಿಯ ರಬ್ಬರ್ ಸೀಲ್ ಗಟ್ಟಿಯಾಗಿ ನೀರು ಒಳಹೊಕ್ಕು ಸೂಜಿಗಳೆಲ್ಲ ಕೆಂಪು. 550ರದ್ದು ಹಾಕಿದ ಮೇಲೆ ಸದ್ದಿಲ್ಲ. ಉಳಿಸಿದ್ದು 580, ಕಳಕೊಂಡದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ಮೊದಲ ಪಾಲಿನ ಸಾಮಾನಿಗೆ ಒಳ್ಳೆಯ ಕಂಪೆನಿಯದ್ದೇ ಹಾಕಬೇಕು.

ಎರಡನೆಯದು ಇನ್ನೂ ಹಳೆಯ ತಪ್ಪು. ಕರಾವಳಿಯಲ್ಲಿ ಮಳೆಗಾಲಕ್ಕೆ ಮೊದಲು ಗಾಡಿಯ ಅಡಿಗೆಲ್ಲ ಕರಿ ಎಣ್ಣೆ ಹೊಡೆಸುವ ರೂಢಿ. ತುಕ್ಕು ಹಿಡಿಯುವುದಿಲ್ಲ ಎಂದು ನಾನು ಪ್ರತಿವರ್ಷ ಹೊಡೆಸುತ್ತಿದ್ದೆ. ತಗಡಿಗೆ ಅದು ಒಳ್ಳೆಯದಾದೀತು. ಆದರೆ ಬುಷ್, ಮೌಂಟಿಂಗ್ ಎಲ್ಲ ರಬ್ಬರ್. ರಬ್ಬರಿಗೆ ಎಣ್ಣೆ ಶತ್ರು. ಅದು ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ತೆಗೆದ ಬುಷ್‌ಗಳನ್ನು ಬೆರಳಲ್ಲಿ ಒತ್ತಿದರೆ ಹಲಸಿನ ಹಣ್ಣಿನ ಹಾಗೆ ಆಗಿತ್ತು. ರಬ್ಬರ್ ಬೆಳೆಯುವವನಿಗೆ ಈ ಸಂಗತಿ ಹೊಳೆಯಬೇಕಿತ್ತು! ಈಗ ಎಣ್ಣೆ ಹೊಡೆಸುವುದಿಲ್ಲ. ಮಳೆಗಾಲ ಮುಗಿದ ಕೂಡಲೇ ಅಡಿಯನ್ನು ನೀರಿನಿಂದ ತೊಳೆದು, ಒಣಗಿಸಿ, ತುಕ್ಕು ಕಂಡಲ್ಲಿ ಉಜ್ಜಿ ಬಣ್ಣ ಬಳಿಯುತ್ತೇನೆ. ಹೊಸ ಬುಷ್ ತೂರಿಸುವಾಗಲೂ ಗ್ರೀಸ್ ಬೇಡ, ಸಾಬೂನು ನೀರು ಸಾಕು.

ಲೆಕ್ಕ

2023ರ ಮೇ ತಿಂಗಳಲ್ಲಿ: ಕ್ರಾಸ್ ಎರಡು 520. ಲೋವರ್ ಆರ್ಮ್ ಎರಡು 2,600. ಪ್ಲೇಟಿನ ಬುಷ್ ಸೆಟ್ 900. ಯು-ಬೋಲ್ಟ್ 600. ಆಯಿಲ್ ಸೀಲ್ ಮತ್ತು ಗೇರ್ ಎಣ್ಣೆ 1,050. ಗೇರ್‌ಬಾಕ್ಸ್ ಮೌಂಟಿಂಗ್ ಒಂದು 650. ಅಲೈನ್‌ಮೆಂಟ್ 400. ಕೂಲಿ 3,700. ಒಟ್ಟು 10,420 ರೂಪಾಯಿ.

ಅಕ್ಟೋಬರಿನಲ್ಲಿ ನನ್ನ ತಪ್ಪಿಗೆ ದಂಡ: ಕ್ರಾಸ್ 1,100, ಕೂಲಿ 500. ಒಟ್ಟು 1,600.

2024ರ ಫೆಬ್ರವರಿಯಲ್ಲಿ ಏರಿನಲ್ಲಿ ಕ್ಲಚ್ ಜಾರತೊಡಗಿತು. ಸೆಟ್ 3,800, ಕೂಲಿ 1,500. ಒಟ್ಟು 5,300. ಆಗ ಅಡಿಕೆ ಮಾರಿದ ಹಣ ಕೈಯಲ್ಲಿತ್ತು. ಕಾಯಬಹುದಾದ್ದನ್ನು ಕಾಯಿಸಿದ್ದರ ಲಾಭ ಇದು.

ಎಲ್ಲ ಸೇರಿ 17,320. ಡಿಫರೆನ್ಷಿಯಲನ್ನು ಬಿಚ್ಚಲೇ ಇಲ್ಲ. ಶಾಕ್ ಹಳೆಯವೇ, ಹೊಂಡದಲ್ಲಿ ಸ್ವಲ್ಪ ಕುಣಿಯುತ್ತದೆ. 2023ರ ಬೋರ್ಡೋ ಸಿಂಪಡಣೆಯ ಹಣಕ್ಕೆ ಹತ್ತು ಸಾವಿರ ಕಡಿಮೆಯಾದದ್ದನ್ನು ರಬ್ಬರ್ ಶೀಟ್ ಮಾರಿ ಸರಿದೂಗಿಸಿದೆ. ಎರಡು ಸಿಂಪಡಣೆಯೂ ಸಮಯಕ್ಕೆ ಆಯಿತು.

ಇನ್ನೊಂದು ಖರ್ಚನ್ನು ಲೆಕ್ಕಕ್ಕೆ ಸೇರಿಸಲೇಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಲು 600 ಇದ್ದ ಈ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. ನಮ್ಮ ಗಾಡಿಗೆ 2024ರಲ್ಲಿ ಇದನ್ನು ಕಟ್ಟಿದೆ. ಹದಿನಾಲ್ಕು ವರ್ಷದ ಗಾಡಿಗೆ ದೊಡ್ಡ ರಿಪೇರಿ ಮಾಡಿಸುವವರು, ಅಂಥ ಗಾಡಿ ಕೊಳ್ಳುವವರು ಮೊದಲು ಆರ್.ಸಿ. ಪುಸ್ತಕದ ತಾರೀಕು ನೋಡಿ.

ಯಾವಾಗ ಕೈಬಿಡಬೇಕು?

ಹಳೆಯದನ್ನೆಲ್ಲ ಉಳಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಓಮ್ನಿ 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದದ್ದು, 2019ರಲ್ಲಿ ತಯಾರಿ ನಿಂತಿತು. ಮೂವತ್ತೈದು ವರ್ಷ ಓಡಿದ ಮಾದರಿಯಾದ್ದರಿಂದ ನಮ್ಮ ತಾಲೂಕು ಪೇಟೆಯಲ್ಲಿ ಬಿಡಿಭಾಗ ಈಗಲೂ ಸುಲಭವಾಗಿ ಸಿಗುತ್ತದೆ, ಬಿಚ್ಚಿ ಜೋಡಿಸಲು ತಿಳಿದವರೂ ಇದ್ದಾರೆ. ಇವೆರಡೂ ಇಲ್ಲದ ಗಾಡಿಗೆ ನನ್ನ ಲೆಕ್ಕ ಹೊಂದುವುದಿಲ್ಲ. ಪ್ಲೇಟ್ ಕೂರುವ ಪಟ್ಟಿ ಕೊಳೆತಿದ್ದರೆ, ಡಿಫರೆನ್ಷಿಯಲ್ ಎಣ್ಣೆಯಲ್ಲಿ ಚೂರು ಬಂದು ಅದರೊಟ್ಟಿಗೆ ಇಂಜಿನೂ ನೀಲಿ ಹೊಗೆ ಬಿಡುತ್ತಿದ್ದರೆ, ಮಾರುವುದೇ ಸರಿ. ನಾವು ಬ್ರೋಕರ್‌ಗೆ ಬೇಡ ಎಂದದ್ದು ಗಾಡಿಯ ಮೇಲಿನ ಪ್ರೀತಿಗಲ್ಲ, ಸ್ಕ್ರೂಡ್ರೈವರಿಗೆ ಕಬ್ಬಿಣ ಗಟ್ಟಿ ಸಿಕ್ಕಿತೆಂದು.

ಮುಂದೆ ಹೀಗೊಂದು ಚೀಟಿ ನಿಮ್ಮ ಕೈಗೆ ಬಂದರೆ, 'ಒಟ್ಟು' ಎಂಬ ಸಾಲನ್ನು ಮೊದಲು ಓದಬೇಡಿ. ಒಂದೊಂದು ಹೆಸರಿಗೂ ಮೂರು ಪ್ರಶ್ನೆ ಕೇಳಿ: ಇದು ಹಾಳಾದದ್ದನ್ನು ನನಗೆ ತೋರಿಸುತ್ತೀರಾ? ಈಗ ಮಾಡದಿದ್ದರೆ ಏನಾಗುತ್ತದೆ? ಇಡೀ ಸಾಮಾನು ಬೇಕಾ, ಒಳಗಿನ ಸಣ್ಣ ಭಾಗ ಸಾಕಾ? ಒಳ್ಳೆಯ ಮೆಕ್ಯಾನಿಕ್‌ಗೆ ಈ ಪ್ರಶ್ನೆಯಿಂದ ಬೇಸರ ಆಗುವುದಿಲ್ಲ. ನಮ್ಮವರಂತೂ ಕೈಗೆ ಹಾರೆ ಕೊಟ್ಟು "ನೀವೇ ಮೀಟಿ ನೋಡಿ" ಎಂದರು.

ರಿಪೇರಿಯ ಮರುದಿನ ಡಯಾಲಿಸಿಸ್ ಇತ್ತು. ಏರು ಹತ್ತಿ ಡಾಮರು ರಸ್ತೆಗೆ ಸೇರುವವರೆಗೆ ಅಮ್ಮ ಸುಮ್ಮನಿದ್ದವರು ಆಮೇಲೆ ಕೇಳಿದರು: "ಬೇರೆ ಗಾಡಿಯಾ ಮಗಾ?" ಅಲ್ಲ, ಅದುವೇ ಎಂದೆ. "ಹಾಗಾದ್ರೆ ನಾನು ಸ್ವಲ್ಪ ಮಲಗ್ತೇನೆ" ಎಂದು ಸೀಟಿಗೆ ಒರಗಿದರು. ಅಷ್ಟು ದಿನ ಹೋಗುವಾಗ ಬರುವಾಗ ಅವರು ಕಂಬಿ ಹಿಡಿದು ಕೂತೇ ಇರುತ್ತಿದ್ದರು. ಅದು ನನ್ನ ಗಮನಕ್ಕೆ ಬಂದದ್ದು ಅವತ್ತು.

ಆಮೇಲೆ ಎರಡು ಮಳೆಗಾಲ ಕಳೆದಿದೆ. ಆಸ್ಪತ್ರೆಯ ದಾರಿಯಲ್ಲಿ ಗಾಡಿ ಒಮ್ಮೆಯೂ ನಿಂತಿಲ್ಲ. ಜೀಪು, ಪಿಕಪ್ ಇಟ್ಟುಕೊಂಡ ಕೃಷಿಕರ ಅನುಭವ ಬೇರೆ ಇದ್ದೀತು. ದಯವಿಟ್ಟು ಬರೆಯಿರಿ, ಲೆಕ್ಕ ಸಮೇತ.